ಚೀಲ ಕಾಯುವವರು

ನಾಲ್ಕು ಜನರು ಕೂಡಿ ವಿಹಾರಕ್ಕೆ ಹೊರಟರೆ ಅವರಲ್ಲಿ ಒಬ್ಬನು ಚೀಲ ಕಾಯುವವನಾಗಿರುತ್ತಾನೆ. ಅವನನ್ನು ಯಾರೂ ನೇಮಿಸುವುದಿಲ್ಲ. ವಯಸ್ಸೋ, ಮೊಣಕಾಲೋ, ಹೃದಯವೋ ಅವನನ್ನು ಆ ಹುದ್ದೆಗೆ ತಂದು ಕೂರಿಸುತ್ತದೆ. ಹೋಗುವಾಗ ಉಳಿದವರು, “ನೀವು ಇಲ್ಲೇ ಕೂತಿರಿ, ಈಗ ಬಂದೆವು” ಎನ್ನುತ್ತಾರೆ. ಆ “ಈಗ” ಎಂಬ ಪದಕ್ಕೆ ಎರಡು ತಾಸೆಂಬ ಅರ್ಥವೂ ಉಂಟೆಂಬುದು ಕಾದು ಕುಳಿತವರಿಗೆ ಮಾತ್ರ ಗೊತ್ತು.

ಈ ವಿಚಾರ ನನ್ನ ತಲೆಯನ್ನು ಹೊಕ್ಕದ್ದು ಕಳೆದ ಬೇಸಿಗೆಯಲ್ಲಿ. ಇಳಕಲ್ಲಿನ ನನ್ನ ಗೆಳೆಯನೊಬ್ಬನು ಕನ್ನಡ ಶಾಲೆಯ ಮಾಸ್ತರನಾಗಿದ್ದು ನಿವೃತ್ತನಾದವನು. ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಕಲಿತವರು. ಮೊಮ್ಮಕ್ಕಳ ಹಟಕ್ಕೆ ಮಣಿದು ಎರಡೂ ಮನೆಯವರು ಬೆಂಗಳೂರಿನ ಹೊರವಲಯದ ಒಂದು ಥೀಮ್ ಪಾರ್ಕಿಗೆ ಹೋಗಿದ್ದೆವು. ಬಾಗಿಲಲ್ಲಿ ಎಲ್ಲರಿಗೂ ಟಿಕೆಟು ಕೊಂಡೆವು, ಅವನಿಗೂ ಕೊಂಡೆವು. ಒಳಗೆ ಪ್ರತಿಯೊಂದು ಯಂತ್ರದ ಮುಂದೆಯೂ ಒಂದು ಫಲಕ: ಹೃದ್ರೋಗಿಗಳು ಏರಕೂಡದು, ರಕ್ತದೊತ್ತಡವುಳ್ಳವರು ಏರಕೂಡದು, ಬೆನ್ನುನೋವಿನವರು ಏರಕೂಡದು. ನನ್ನ ಗೆಳೆಯನ ಹೆಸರೊಂದನ್ನು ಅಲ್ಲಿ ಬರೆದಿರಲಿಲ್ಲ, ಅಷ್ಟೇ. ಫಲಕವನ್ನು ನಾನು ದೂಷಿಸುವುದಿಲ್ಲ. ಅದು ಜೀವವುಳಿಸುವ ಮಾತು. ಆದರೆ ಮೂರನೆಯ ಫಲಕವನ್ನು ಓದಿದ ಮೇಲೆ ಅವನು ಒಂದು ಸಿಮೆಂಟಿನ ಕಟ್ಟೆಯನ್ನು ಆರಿಸಿಕೊಂಡು, “ಹೋಗ್ರಿ, ಚೀಲ ಕಾಯಾಕ ನಾ ಅದೀನಿ” ಎಂದು ಕುಳಿತುಬಿಟ್ಟ. ಹನ್ನೊಂದು ಗಂಟೆಗೆ ಕುಳಿತವನು ಸಂಜೆ ಆರಕ್ಕೆ ಎದ್ದ. ಅವನ ಸುತ್ತ ಏಳು ಚೀಲ, ಒದ್ದೆ ಟವೆಲುಗಳು, ಐದು ಜೊತೆ ಚಪ್ಪಲಿ. ನಾನಾದರೂ ಅವನ ಜೊತೆ ಕೂರಬೇಕಿತ್ತು. ಮೊಮ್ಮಗಳು ಕೈಹಿಡಿದು ಎಳೆದಳೆಂಬ ನೆವ ಹೇಳಿ ನಾನೂ ನೀರಿನ ಜಾರುಬಂಡೆಯನ್ನು ಹತ್ತಿದೆ. ಮರಳುವಾಗ ಬಸ್ಸಿನಲ್ಲಿ, “ಹ್ಯಾಂಗಿತ್ತೋ?” ಎಂದು ಕೇಳಿದೆ.

“ಚೊಲೋ ಇತ್ತು. ಚೀಲ ಎಲ್ಲಾ ಬರೋಬ್ಬರಿ ಅದಾವ, ಬೇಕಾದ್ರ ಎಣಿಸಿಕೋ” ಎಂದ.

ಅವನು ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ನಾಟುತ್ತಿರಲಿಲ್ಲ.

ಇದರಲ್ಲಿ ಒಂದು ಸೋಜಿಗವಿದೆ. ಇಂಥ ಉದ್ಯಾನಗಳಿಗೆಲ್ಲ ಹಿರಿಯಣ್ಣನೆನಿಸಿದ ಡಿಸ್ನಿಲ್ಯಾಂಡ್ 1955ರ ಜುಲೈಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಾಗಿಲು ತೆರೆಯಿತು. ಅದರ ಕಲ್ಪನೆ ತನಗೆ ಹೇಗೆ ಬಂದಿತೆಂಬುದನ್ನು ವಾಲ್ಟ್ ಡಿಸ್ನಿಯೇ ಹೇಳಿಕೊಂಡಿದ್ದಾನೆ. ರಜೆಯ ದಿನ ಹೆಣ್ಣುಮಕ್ಕಳಿಬ್ಬರನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದೊಯ್ದು, ಅವರು ತಿರುಗುವ ಮರಗುದುರೆಗಳ ಮೇಲೆ ಕುಳಿತು ಸುತ್ತುತ್ತಿರುವಾಗ ತಾನು ಬೆಂಚಿನ ಮೇಲೆ ಶೇಂಗಾ ತಿನ್ನುತ್ತ ಕೂರುತ್ತಿದ್ದನಂತೆ. ಮಕ್ಕಳೂ ಹಿರಿಯರೂ ಕೂಡಿ ಸಂತೋಷಪಡಬಹುದಾದ ಸ್ಥಳವೊಂದು ಏಕಿರಬಾರದು ಎಂದು ಅಲ್ಲಿಯೇ ಅವನಿಗೆ ತೋರಿತಂತೆ. ಎಂದರೆ ಥೀಮ್ ಪಾರ್ಕು ಹುಟ್ಟಿದ್ದೇ ಚೀಲ ಕಾಯುವವನ ಬೆಂಚಿನ ಮೇಲೆ! ಅದರ ಸಂತತಿಯು ಅಪ್ಪನನ್ನು ಯಂತ್ರದ ಮೇಲೆ ಏರಿಸಿತು, ಅಜ್ಜನನ್ನು ಮಾತ್ರ ಅದೇ ಬೆಂಚಿನ ಮೇಲೆ ಬಿಟ್ಟಿತು.

ಪ್ರಾಯಶ್ಚಿತ್ತವೆಂದು ತಿಳಿಯಿರಿ, ಅಥವಾ ಬರಿಯ ನೆವವೆಂದು ತಿಳಿಯಿರಿ, ಈ ಸಲದ ಬನಶಂಕರಿ ಜಾತ್ರೆಗೆ ನಾನು ಅವನೊಬ್ಬನನ್ನೇ ಬಾದಾಮಿಗೆ ಕರೆಸಿಕೊಂಡೆ. ಮೊಮ್ಮಕ್ಕಳಿಲ್ಲ, ಸೊಸೆಯಂದಿರಿಲ್ಲ. ಚೀಲವೂ ಒಂದೇ.

ಬಾದಾಮಿಯಿಂದ ಐದು ಕಿಲೋಮೀಟರು ದೂರದಲ್ಲಿ, ಚೊಳಚಗುಡ್ಡದ ಬಳಿ, ಪುಷ್ಯಮಾಸದ ಬನದ ಹುಣ್ಣಿಮೆಯ ದಿನ ತೇರು ಎಳೆಯುತ್ತಾರೆ. ತೇರಿನ ಹಗ್ಗವು ರೋಣ ತಾಲೂಕಿನ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಬರಬೇಕೆಂಬುದು ಸಂಪ್ರದಾಯ. ತೇರು ಒಂದು ದಿನದ್ದು. ಜಾತ್ರೆ ಮಾತ್ರ ವಾರಗಟ್ಟಲೆ ನಡೆಯುತ್ತದೆ. ಗದ್ದಲ ತುಸು ತಗ್ಗಲೆಂದು ನಾವು ತೇರಿನ ಮರುದಿನ ಬೆಳಗಿನ ಎಂಟಕ್ಕೆ ಹೋದೆವು. ಗದ್ದಲವೇನೂ ತಗ್ಗಿರಲಿಲ್ಲ.

ದೇವಿಯ ದರ್ಶನವಾದ ಬಳಿಕ ಹರಿದ್ರಾತೀರ್ಥದ ದಂಡೆಗೆ ಬಂದೆವು. ಆ ಹೊಂಡದ ಮೂರು ಬದಿಗೆ ಕಲ್ಲುಕಂಬಗಳ ಸಾಲುಮಂಟಪವಿದೆ. ಅದನ್ನು ಕಟ್ಟಿಸಿದವರು ನೆರಳನ್ನೂ ಕಟ್ಟೆಯನ್ನೂ ಅಳತೆ ನೋಡಿ ಕಟ್ಟಿಸಿದ್ದಾರೆ. ಅಲ್ಲಿ ಕುಳಿತವರನ್ನು “ಏಕೆ ಕುಳಿತಿರಿ?” ಎಂದು ಯಾರೂ ಕೇಳುವುದಿಲ್ಲ. ಕೂರುವುದೇ ಅಲ್ಲಿ ಒಂದು ಕೆಲಸ. ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬಂದು ಮುಂದೆ ಕುಳಿತರು. ಸಜ್ಜೆ ರೊಟ್ಟಿ, ಕಾಳಿನ ಪಲ್ಯ, ಎಣ್ಣೆಗಾಯಿ, ಕೆಂಪು ಚಟ್ನಿ, ಪುಟ್ಟ ಮಣ್ಣಿನ ಗಡಿಗೆಯಲ್ಲಿ ಗಟ್ಟಿ ಮೊಸರು. ಒಬ್ಬಾಕೆ ನನ್ನ ಗೆಳೆಯನ ಮುಖ ನೋಡಿ, “ಯಜ್ಜಾ, ಖಾರ ಕಮ್ಮಿ ಹಾಕ್ಲೇನು?” ಎಂದಳು. ಅವನು ಮಾಸ್ತರನ ಗತ್ತಿನಿಂದ, “ಹಾಕವಾ, ಕಮ್ಮಿ ಯಾಕ?” ಎಂದ. ಕಣ್ಣಲ್ಲಿ ನೀರು ಬಂದರೂ ಅವನು ಮಾತನ್ನು ಬಿಡಲಿಲ್ಲ, ಚಟ್ನಿಯನ್ನೂ ಬಿಡಲಿಲ್ಲ.

ಆಮೇಲೆ ನಾವು ಬಾಗಿಲು ಮಾರುವಲ್ಲಿಗೆ ಹೋದೆವು. ಈ ಜಾತ್ರೆಯನ್ನು ಕಾಣದವರಿಗೆ ಇದು ವಿಚಿತ್ರವೆನಿಸಬಹುದು: ಇಲ್ಲಿ ಮನೆಯ ಬಾಗಿಲುಗಳನ್ನು, ಕೆತ್ತನೆಯ ಚೌಕಟ್ಟುಗಳನ್ನು ಮಾರುತ್ತಾರೆ. ಗೋಡೆಯಿಲ್ಲದ ಬಯಲಿನಲ್ಲಿ ಬಾಗಿಲುಗಳು ಸಾಲಾಗಿ ನಿಂತಿರುತ್ತವೆ. ನನ್ನ ಗೆಳೆಯನ ತಂದೆಯು ಬಡಿಗತನ ಮಾಡುತ್ತಿದ್ದವರು. ಅವನು ಒಂದೊಂದು ಚೌಕಟ್ಟಿನ ಮೇಲೂ ಬೆರಳಾಡಿಸಿದ, ಸಂದಿಯಲ್ಲಿ ಉಗುರು ತೂರಿಸಿದ, ಸಾಗವಾನಿಯೋ ಬೇವೋ ಎಂದು ವಿಚಾರಿಸಿದ, ಬೆಲೆಯನ್ನು ಅರ್ಧಕ್ಕೆ ಇಳಿಸಿದ. ಕೊಳ್ಳುವ ಗಿರಾಕಿಯಲ್ಲವೆಂಬುದು ಆ ಬಡಿಗನಿಗೆ ಮೊದಲ ಮಾತಿನಲ್ಲಿಯೇ ತಿಳಿದಿತ್ತೆಂದು ಕಾಣುತ್ತದೆ. ಆದರೂ ಚಹಾ ತರಿಸಿದ. ಮುಕ್ಕಾಲು ತಾಸು ಇಬ್ಬರೂ ಹೊಸ ಯಂತ್ರಗಳ ಕೆತ್ತನೆಯನ್ನು ಬೈದರು. ನಾನು ಚೀಲ ಹಿಡಿದು ನಿಂತಿದ್ದೆ.

ಹೌದು, ಆ ಹೊತ್ತು ಚೀಲ ಕಾಯುವವನು ನಾನಾಗಿದ್ದೆ. ಅದರಲ್ಲಿ ಅವಮಾನವೇನೂ ತೋರಲಿಲ್ಲ; ಸ್ವಲ್ಪ ಹೊತ್ತಿಗೆ ಸರದಿ ಬದಲಾಗುತ್ತದೆಂಬುದು ಗೊತ್ತಿತ್ತು. ನಾನು ಹೇಳಬೇಕೆಂದಿರುವುದು ಇಷ್ಟೇ. ಜಾತ್ರೆಯಲ್ಲಿಯೂ ತೊಟ್ಟಿಲ ಚಕ್ರವಿದೆ, ಹಲಗೆಯ ಬಾವಿಯೊಳಗೆ ಮೋಟಾರ್ ಸೈಕಲ್ ಓಡಿಸುವವರಿದ್ದಾರೆ. ಮೈ ಜುಮ್ಮೆನಿಸುವುದರಲ್ಲಿ ಅದೇನೂ ಹಿಂದೆ ಬಿದ್ದಿಲ್ಲ. ಆದರೆ ಅಲ್ಲಿ ಸಂತೋಷವು ಏರುವವರದಷ್ಟೇ ಅಲ್ಲ. ನೋಡುವವನಿಗೆ, ಚೌಕಾಸಿ ಮಾಡುವವನಿಗೆ, ದೂರುವವನಿಗೆ, ಸುಮ್ಮನೆ ಕುಳಿತವನಿಗೆ ಕೂಡ ಅದರಲ್ಲಿ ಪಾಲಿದೆ. ಉದ್ಯಾನದಲ್ಲಿ ಏರಲಾರದವನು ಪ್ರೇಕ್ಷಕನೂ ಅಲ್ಲ. ಅಲ್ಲಿಯ ಆಟವು ಏರಿದವನ ಹೊಟ್ಟೆಯೊಳಗೆ ನಡೆಯುವಂಥದು, ಹೊರಗಿನವನಿಗೆ ಕೇಳಿಬರುವುದು ಕಿರಿಚುವ ಸದ್ದು ಮಾತ್ರ.

ಹಿಂದಿನದೆಲ್ಲ ಹೊನ್ನು ಎಂದು ನಾನು ಹೇಳುತ್ತಿದ್ದೇನೆಂದು ತಿಳಿಯಬಾರದು. ಬಾದಾಮಿಯಲ್ಲಿಯೇ ನೋಡಿ. ಮಂಗಳೇಶನು ಕೊರೆಸಿದ, 578ರ ಶಾಸನವುಳ್ಳ ಮೂರನೆಯ ಗುಹೆಯನ್ನು ಕಾಣಬೇಕಾದರೆ ಮೆಟ್ಟಿಲು ಹತ್ತಲೇಬೇಕು. ಹತ್ತಲಾರದ ಅಜ್ಜಂದಿರು ಬುಡದಲ್ಲಿ ಚೀಲಗಳೊಡನೆ ಕೂರುತ್ತಾರೆ. ಆದರೆ ಅಲ್ಲಿ ಆ ಹುದ್ದೆಗೆ ನಿಜವಾದ ಜವಾಬ್ದಾರಿಯಿದೆ, ನಮ್ಮೂರ ಮಂಗಗಳ ಕೃಪೆಯಿಂದ! ಜಾತ್ರೆಗಾದರೂ ದೋಷಗಳಿಲ್ಲವೆ? ಧೂಳು ಮೂಗನ್ನು ಮುಚ್ಚುತ್ತದೆ. ಧ್ವನಿವರ್ಧಕಗಳು ಒಂದರ ಮೇಲೊಂದು ಕೂಗಿ ಯಾವುದೂ ಕೇಳದಂತೆ ಮಾಡುತ್ತವೆ. ವಯಸ್ಸಾದವರಿಗೆ, ಅದರಲ್ಲೂ ಹೆಂಗಸರಿಗೆ, ಶೌಚಕ್ಕೆ ಹೋಗುವುದು ಎಲ್ಲಿಗೆಂಬ ಚಿಂತೆ ಮನೆಯಿಂದ ಹೊರಡುವಾಗಲೇ ಶುರುವಾಗುತ್ತದೆ. ಈ ಒಂದು ವಿಷಯದಲ್ಲಿ ಪಾರ್ಕಿನವರು ನಮಗಿಂತ ನೂರು ಪಾಲು ಮೇಲು, ಅದನ್ನು ಒಪ್ಪಿಕೊಳ್ಳದಿದ್ದರೆ ನಾನು ಸುಳ್ಳುಗಾರನಾಗುತ್ತೇನೆ. ಆದುದರಿಂದ, ಜಾತ್ರೆಯ ಬಯಲಿಗೆ ಬೇಲಿ ಹಾಕಿ ಕಾಯಂ ಪಾರ್ಕು ಮಾಡಿದರೆ ಊರಿಗೆ ಒಳಿತಾದೀತೆಂದು ಹೇಳುವ ಮಿತ್ರರಿಗೆ ನನ್ನದೊಂದು ವಿನಂತಿ: ಪಾರ್ಕಿನಿಂದ ಶೌಚಗೃಹವನ್ನು ತನ್ನಿ, ಕುಡಿಯುವ ನೀರನ್ನು ತನ್ನಿ, ಬೇಲಿಯನ್ನು ಅಲ್ಲಿಯೇ ಬಿಟ್ಟು ಬನ್ನಿ. ಪಾರ್ಕಿನವರಿಗೂ ಒಂದು ವಿನಂತಿಯಿದೆ. ಏನನ್ನೂ ಏರದವನಿಂದ ಏರುವವನ ದರವನ್ನು ತೆಗೆದುಕೊಳ್ಳಬೇಡಿ. ತೆಗೆದುಕೊಳ್ಳುವುದೇ ಆದರೆ ಅವನಿಗೆ ನೆರಳನ್ನು, ಬೆನ್ನೊರಗುವ ಆಸನವನ್ನು, ನೋಡಲು ಏನಾದರೊಂದನ್ನು ಕೊಡಿ. ಚೀಲಗಳನ್ನು ಇಡಲು ನಿಮ್ಮಲ್ಲಿ ಬೀಗದ ಕಪಾಟುಗಳಿವೆಯೆಂಬುದು ನನಗೆ ಗೊತ್ತು. ಆದರೆ ಮನೆಯಲ್ಲೊಬ್ಬ ಅಜ್ಜನಿರುವಾಗ ಕಪಾಟಿಗೆ ಹಣ ಕೊಡುವವರಾರು?

ಸಂಜೆಯ ಹೊತ್ತಿಗೆ ದನಗಳ ಸಾಮಾನಿನ ಅಂಗಡಿಗಳ ಮುಂದೆ ನನ್ನ ಗೆಳೆಯ ನಿಂತುಬಿಟ್ಟ. ಮೂಗುದಾರ, ಗೊಂಡೆ, ಹಣೆಗೆಜ್ಜೆ, ಗಂಟೆ. ಹತ್ತು ಗಂಟೆಗಳನ್ನು ಕಿವಿಯ ಬಳಿ ಹಿಡಿದು ಬಾರಿಸಿ ನೋಡಿ ಒಂದನ್ನು ಕೊಂಡ.

“ಎತ್ತು ಎಲ್ಲದಾವಲೇ ನಿನಗ?” ಎಂದೆ.

“ಇಲ್ಲ ಬಿಡು. ಗಂಟಿ ಚೊಲೋ ಐತಿ.”

ರಾತ್ರಿ ನಾಟಕಕ್ಕೆ ಹೋದೆವು. ಬನಶಂಕರಿಯಲ್ಲಿ ನಾಟಕ ಕಂಪನಿಗಳು ಒಂದರ ಬದಿಗೊಂದು ತಂಬು ಹೂಡಿ ಬೆಳತನಕ ಆಡುತ್ತವೆ. ಇಲ್ಲಿಯೂ ದುಡ್ಡಿಗೆ ತಕ್ಕ ಸಾಲುಗಳಿವೆ, ಮುಂದಿನದು ಬೇರೆ, ಹಿಂದಿನದು ಬೇರೆ. ಸಮಾನತೆಯ ಸ್ವರ್ಗವೆಂದು ನಾನು ಹೇಳಲಾರೆ. ಆದರೆ ಪರದೆ ಮೇಲೇರಿದ ಕೂಡಲೇ ನನ್ನ ಗೆಳೆಯನು ವಿಮರ್ಶಕನಾದ. ಏಣಗಿ ಬಾಳಪ್ಪನವರ ಬಸವೇಶ್ವರನನ್ನು ನೋಡಿದ ಕಣ್ಣುಗಳಿಗೆ ಈಗಿನ ದ್ವಂದ್ವಾರ್ಥದ ಹಾಸ್ಯವು ಸೇರಲಿಲ್ಲ. ಕೇಳುವಂತೆಯೇ ಗೊಣಗಿದ. ಹಿಂದಿನ ಸಾಲಿನ ಹುಡುಗರು, “ಸುಮ್ಮಕುಂದರ್ರೀ ಯಜ್ಜಾ” ಎಂದರು. ನಾಯಕನ ತಾಯಿ ಸಾಯುವ ದೃಶ್ಯದಲ್ಲಿ ಮಾತ್ರ ಅವನೂ ಹುಡುಗರೂ ಒಟ್ಟಿಗೇ ಸುಮ್ಮನಾದರು.

ಬೆಳಗಿನ ಮೊದಲ ಬಸ್ಸಿನಲ್ಲಿ ಬಾದಾಮಿಗೆ ಮರಳಿದೆವು. ಹಳ್ಳಿಯವರು ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ನಿದ್ದೆ ಹೋಗಿದ್ದರು. ಚೀಲ ನನ್ನ ತೊಡೆಯ ಮೇಲಿತ್ತು. ನನ್ನ ಗೆಳೆಯನು ಗಂಟೆಯನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸು ಕುಲುಕಿದಾಗ ಯಾರಿಗೂ ಎಚ್ಚರವಾಗದಂತೆ ಅದರ ನಾಲಿಗೆಯನ್ನು ಎರಡು ಬೆರಳಿನಿಂದ ಹಿಡಿದು ಕುಳಿತಿದ್ದ.