ಗುಣಮುಖರಾದವರೂ ಅಂಧೇರಿಯ ಟಿಕೆಟ್ ಕಿಂಡಿಯೂ

ಅಂಧೇರಿಯ ನಿವಾಸಿಯೊಬ್ಬನು 2021ರ ಏಪ್ರಿಲ್ 20ರಂದು ಕೊರೋನಾದಿಂದ ಗುಣಮುಖನಾದನೆಂದು ಭಾವಿಸಿದರೆ, ಅವನ ಮುಂದಿನ ಲೆಕ್ಕ ಹೀಗಿತ್ತು. ಕೇಂದ್ರ ಆರೋಗ್ಯ ಸಚಿವಾಲಯದ ಅಂದಿನ ಸೂಚನೆಯಂತೆ ಲಸಿಕೆಗಾಗಿ ಮೂರು ತಿಂಗಳು ಕಾಯಬೇಕು. ಜುಲೈ 20ಕ್ಕೆ ಕೋವಿಶೀಲ್ಡ್‌ನ ಮೊದಲ ಡೋಸ್. 84 ದಿನಗಳ ತರುವಾಯ, ಅಕ್ಟೋಬರ್ 12ಕ್ಕೆ, ಎರಡನೆಯದು. ಮತ್ತೆ 14 ದಿನ. ಎರಡು ಡೋಸ್ ಪಡೆದವರಿಗೆ ಆಗಸ್ಟ್ 15ರಂದೇ ತೆರೆದ ಲೋಕಲ್ ರೈಲು ಅವನಿಗೆ ಅಕ್ಟೋಬರ್ ಅಂತ್ಯದವರೆಗೂ ಮುಚ್ಚಿಯೇ ಇತ್ತು. ರೋಗವನ್ನು ಗೆದ್ದ ದೇಹಕ್ಕೆ ಸರಕಾರವು ಕಾಯುವ ಶಿಕ್ಷೆಯನ್ನು ವಿಧಿಸಿತ್ತೇ ಹೊರತು ಯಾವ ಮನ್ನಣೆಯನ್ನೂ ನೀಡಲಿಲ್ಲ.

ಇದು ಅಜ್ಞಾನದಿಂದಾದುದೆನ್ನಲು ಬಾರದು. 2020ರ ಜುಲೈಯಲ್ಲಿಯೇ ಮುಂಬಯಿ ಮಹಾನಗರಪಾಲಿಕೆಯು ನೀತಿ ಆಯೋಗ ಹಾಗೂ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗಳೊಡನೆ ಮೂರು ವಾರ್ಡುಗಳಲ್ಲಿ ರಕ್ತಸಮೀಕ್ಷೆ ನಡೆಸಿ, ಕೊಳಚೆ ಪ್ರದೇಶಗಳಲ್ಲಿ ಶೇ. 57ರಷ್ಟು, ಉಳಿದೆಡೆ ಶೇ. 16ರಷ್ಟು ಮಂದಿಯಲ್ಲಿ ಪ್ರತಿಕಾಯಗಳನ್ನು ಕಂಡಿತ್ತು. 2021ರ ಸೆಪ್ಟೆಂಬರಿನಲ್ಲಿ ಫಲಿತಾಂಶ ಬಂದ ಐದನೆಯ ಸಮೀಕ್ಷೆ ಅಂಧೇರಿಯನ್ನೂ ಸೇರಿಸಿ 24 ವಾರ್ಡುಗಳನ್ನೂ ಒಳಗೊಂಡಿತ್ತು. ಲಸಿಕೆಯನ್ನೇ ಪಡೆಯದವರಲ್ಲಿಯೂ ಸುಮಾರು ಶೇ. 80 ಮಂದಿಗೆ ಪ್ರತಿಕಾಯಗಳಿದ್ದವು. ತಾನೇ ಎಣಿಸಿದ್ದನ್ನು ಆಡಳಿತವು ನಿಲ್ದಾಣದ ಬಾಗಿಲಲ್ಲಿ ಮರೆಯಿತು.

ಹಾಗಾದರೆ ಸೋಂಕು ತಗುಲಿದವರಿಗೆ ಲಸಿಕೆಯೇ ಬೇಡವೆ? ಇಲ್ಲಿ ಇನ್ನೊಂದು ಬದಿಯ ಅತಿರೇಕವೂ ಒಪ್ಪತಕ್ಕದ್ದಲ್ಲ. ಅಮೆರಿಕದ ಕೆಂಟಕಿ ರಾಜ್ಯದ ದಾಖಲೆಗಳನ್ನು ಆಧರಿಸಿ 2021ರ ಆಗಸ್ಟಿನಲ್ಲಿ ಪ್ರಕಟವಾದ ಅಧ್ಯಯನದಂತೆ, ಒಮ್ಮೆ ಸೋಂಕು ಬಂದವರಲ್ಲಿ ಲಸಿಕೆ ಪಡೆಯದವರಿಗೆ ಮರುಸೋಂಕಿನ ಸಂಭವ, ಪೂರ್ಣ ಲಸಿಕೆ ಪಡೆದವರದಕ್ಕಿಂತ 2.34 ಪಟ್ಟು. ಹಿಂದಿನ ಸೋಂಕು ತೀವ್ರ ಕಾಯಿಲೆಯಿಂದ ಹತ್ತು ತಿಂಗಳ ಬಳಿಕವೂ ಸುಮಾರು ಶೇ. 88ರಷ್ಟು ರಕ್ಷಿಸುತ್ತದೆಂದು 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ವಿಶ್ಲೇಷಣೆ ತಿಳಿಸಿತು. ಒಮಿಕ್ರಾನ್‌ನ ಮರುಸೋಂಕನ್ನು ತಡೆಯುವಲ್ಲಿ ಮಾತ್ರ ಆ ಬಲ ಬಹಳ ಕಡಿಮೆ. ಆ ರಕ್ಷಣೆಯನ್ನು ಗಳಿಸಲು ರೋಗವನ್ನೇ ಹಾಯಬೇಕು, ಹಾಯಲಾರದೆ ಹೋದವರು ಯಾವ ಸಮೀಕ್ಷೆಯಲ್ಲಿಯೂ ರಕ್ತ ಕೊಡಲಿಲ್ಲ ಎಂಬುದನ್ನೂ ನೆನೆಯಬೇಕು.

ಆದುದರಿಂದ ಪ್ರಶ್ನೆ ಲಸಿಕೆ ಬೇಕೆ ಬೇಡವೆ ಎಂಬುದಲ್ಲ, ಎಷ್ಟು ಬೇಕು ಎಂಬುದು. ಫ್ರಾನ್ಸಿನ ಆರೋಗ್ಯ ಪ್ರಾಧಿಕಾರ 2021ರ ಫೆಬ್ರವರಿಯಲ್ಲಿಯೇ ಗುಣಮುಖರಾದವರಿಗೆ ಒಂದೇ ಡೋಸ್ ಸಾಕೆಂದು ಶಿಫಾರಸು ಮಾಡಿತ್ತು. ಇಲ್ಲಿಯೋ, ಅದೇ ಏಪ್ರಿಲ್ 30ರಿಂದ ಮೂರು ದಿನ ಮುಂಬಯಿಯ ಲಸಿಕಾ ಕೇಂದ್ರಗಳು ದಾಸ್ತಾನಿಲ್ಲದೆ ಮುಚ್ಚಿದ್ದವು. ಅಂಥ ಅಭಾವದಲ್ಲಿ ಗುಣಮುಖನಾದವನ ಎರಡನೆಯ ಡೋಸ್ ಎಂದರೆ ಮೊದಲನೆಯದೂ ಸಿಗದ ಯಾವನೋ ವೃದ್ಧನ ಪಾಲು.

2022ರ ಮೇ 2ರಂದು ಸರ್ವೋಚ್ಚ ನ್ಯಾಯಾಲಯವು, ಲಸಿಕಾ ನೀತಿಯನ್ನು ಎತ್ತಿಹಿಡಿಯುತ್ತಲೇ, ಯಾರಿಗೂ ಬಲವಂತವಾಗಿ ಲಸಿಕೆ ನೀಡಲಾಗದೆಂದು ತೀರ್ಪಿತ್ತಿತು. ಆದರೆ ಎಷ್ಟು ಡೋಸ್ ಎಂಬುದನ್ನು ನಿರ್ಧರಿಸಬೇಕಾದುದು ವೈದ್ಯಶಾಸ್ತ್ರ.

ಗುಣಮುಖರಾದುದಕ್ಕೆ ಪ್ರಮಾಣಪತ್ರ ಕೇಳಿದರೆ, ಪರೀಕ್ಷೆಯನ್ನೇ ಮಾಡಿಸಿಕೊಳ್ಳಲಾಗದ ಹೋಟೆಲ್ ಕಾರ್ಮಿಕ ಏನು ತೋರಿಸಿಯಾನು ಎಂಬ ಆಕ್ಷೇಪ ನ್ಯಾಯವಾದುದೇ. ಅಂಥವನಿಗೆ ಪಾಲಿಕೆಯೇ ಉಚಿತವಾಗಿ ಪ್ರತಿಕಾಯ ಪರೀಕ್ಷೆ ಮಾಡಿಸಬಹುದಿತ್ತು. ಜುಲೈ 20ರ ಒಂದೇ ಡೋಸನ್ನು ಪೂರ್ಣವೆಂದು ಎಣಿಸಿದ್ದರೆ, 14 ದಿನ ಕಳೆದು ಆಗಸ್ಟ್ 3ಕ್ಕೇ ಅಂಧೇರಿಯ ಆ ನಿವಾಸಿ ಅರ್ಹನಾಗುತ್ತಿದ್ದ; ರೈಲು ತೆರೆದ ಮೊದಲ ದಿನವೇ ಕೆಲಸಕ್ಕೆ ಹೋಗುತ್ತಿದ್ದ.