ಯಜಮಾನನೂ ಸಾರಥಿಯೂ

ಕಳೆದ ತಿಂಗಳು ನನ್ನ ತಂಗಿಯ ಮಗನು ಬೆಂಗಳೂರಿನಿಂದ ಬಂದು ಎರಡು ದಿನ ನಮ್ಮ ಮನೆಯಲ್ಲಿದ್ದನು. ಅವನು ಅಲ್ಲಿಯ ಒಂದು ಕಂಪ್ಯೂಟರ್ ಸಂಸ್ಥೆಯಲ್ಲಿ ಉದ್ಯೋಗಸ್ಥನು. ವರ್ಷದ ಕೆಳಗೆ ಬಡ್ತಿ ದೊರೆತು ಹನ್ನೊಂದು ಮಂದಿಯ ಮೇಲೆ ಮ್ಯಾನೇಜರನಾಗಿರುವನು. ಆದರೆ ಬಡ್ತಿ ಪಡೆದವನ ಮುಖದಲ್ಲಿರಬೇಕಾದ ಕಳೆ ಕಾಣಲಿಲ್ಲ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ವಿಚಾರಿಸಲಾಗಿ, "ಮಾವ, ನನ್ನ ಕೈಕೆಳಗಿನ ಒಬ್ಬ ಜಾಣೆ ರಾಜೀನಾಮೆ ಕೊಟ್ಟಿದ್ದಾಳೆ. ಅವಳು ಮಾಡಿದ ಕೆಲಸವನ್ನೆಲ್ಲ ನಾನು ರಾತ್ರಿ ಕುಳಿತು ತಿದ್ದುತ್ತಿದ್ದೆ. ಅದು ಅವಳಿಗೆ ಉಪಕಾರವೆಂದೇ ಎಣಿಸಿದ್ದೆ. ಈಗ ಮೇಲಿನವರು, ಮ್ಯಾನೇಜರನಾದದ್ದು ಸಾಕು, ಕೋಚ್ ಆಗುವುದನ್ನು ಕಲಿ ಎನ್ನುತ್ತಾರೆ. ಇವೆರಡಕ್ಕೂ ಏನು ಭೇದ?" ಎಂದನು.

ನಾನು ಅಂಥ ಕಚೇರಿಗಳಲ್ಲಿ ದುಡಿದವನಲ್ಲ. ಶಬ್ದಗಳೊಡನೆ ಆಯುಷ್ಯ ಕಳೆದವನು. ಆದಕಾರಣ ಶಬ್ದದಿಂದಲೇ ಆರಂಭಿಸಿದೆನು. ಇಂಗ್ಲಿಷಿನ 'ಮ್ಯಾನೇಜ್' ಎಂಬುದು ಕುದುರೆಯನ್ನು ಪಳಗಿಸುವುದೆಂಬ ಅರ್ಥದ ಇಟಾಲಿಯನ್ ಪದದಿಂದ ಬಂದುದು. ಅದರ ಮೂಲದಲ್ಲಿರುವುದು 'ಕೈ' ಎಂಬರ್ಥದ ಲ್ಯಾಟಿನ್ ಶಬ್ದ. 'ಕೋಚ್' ಎಂಬುದಾದರೋ ಹಂಗೇರಿ ದೇಶದ ಒಂದು ಹಳ್ಳಿಯ ಹೆಸರು. ಅಲ್ಲಿ ತಯಾರಾಗುತ್ತಿದ್ದ ಬಂಡಿಗಳಿಗೆ ಊರಿನ ಹೆಸರೇ ಬಂದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು, ತಮ್ಮನ್ನು ಪರೀಕ್ಷೆಯ ಆಚೆ ದಡಕ್ಕೆ ಸಾಗಿಸುವ ಖಾಸಗಿ ಉಪಾಧ್ಯಾಯನನ್ನು ವಿನೋದವಾಗಿ ಬಂಡಿಯೆಂದು ಕರೆದರು. ಒಂದು ಶಬ್ದದಲ್ಲಿ ಲಗಾಮು ಹಿಡಿದ ಕೈಯಿದೆ, ಇನ್ನೊಂದರಲ್ಲಿ ಪಯಣಿಗನಿದ್ದಾನೆ. ನಮ್ಮ ಸಂಸ್ಕೃತದಲ್ಲಿ ಇವೆರಡೂ ಅಷ್ಟು ದೂರದವಲ್ಲ. 'ಶಾಸ್' ಎಂಬ ಒಂದೇ ಧಾತುವಿನಿಂದ 'ಶಾಸನ'ವೂ ಹುಟ್ಟಿತು, 'ಶಿಷ್ಯ'ನೂ ಹುಟ್ಟಿದನು.

ಮೇಲಧಿಕಾರಿಯೇ ಬೇಡವೆಂಬ ಪ್ರಯೋಗವನ್ನೂ ಜನರು ಮಾಡಿ ನೋಡಿರುವರು. ಅಮೆರಿಕೆಯ ಗೂಗಲ್ ಸಂಸ್ಥೆಯವರು ೨೦೦೨ರಲ್ಲಿ ಎಂಜಿನಿಯರುಗಳ ಮೇಲಿನ ಮ್ಯಾನೇಜರುಗಳನ್ನು ತೆಗೆದುಹಾಕಿದರು. ಖರ್ಚಿನ ಲೆಕ್ಕ, ಪರಸ್ಪರ ಮನಸ್ತಾಪ ಮೊದಲಾದ ಸಣ್ಣ ಸಂಗತಿಗಳೆಲ್ಲ ನೇರವಾಗಿ ಸಂಸ್ಥಾಪಕರ ಬಳಿಗೇ ಬರತೊಡಗಲು, ಕೆಲವೇ ತಿಂಗಳಲ್ಲಿ ಆ ಪ್ರಯೋಗವು ನಿಂತಿತು. ಮುಂದೆ ಅದೇ ಸಂಸ್ಥೆಯವರು ಒಳ್ಳೆಯ ಮ್ಯಾನೇಜರನ ಲಕ್ಷಣಗಳಾವುವೆಂದು ಶೋಧಿಸಿ ಎಂಟನ್ನು ಪಟ್ಟಿ ಮಾಡಿದರು. ಮೊದಲನೆಯದು, ಅವನು ಒಳ್ಳೆಯ ಕೋಚ್ ಆಗಿರಬೇಕೆಂಬುದು. ಎರಡನೆಯದು, ಪ್ರತಿಯೊಂದರಲ್ಲಿಯೂ ಕೈಯಿಡದೆ ಕೆಲಸಗಾರರಿಗೆ ಅಧಿಕಾರವನ್ನು ಬಿಟ್ಟುಕೊಡಬೇಕೆಂಬುದು. ಕಸುಬಿನ ಜ್ಞಾನಕ್ಕೆ ದೊರೆತದ್ದು ಎಂಟನೆಯ ಸ್ಥಾನ. ಸೋದರಳಿಯನು ಇದನ್ನು ಕೇಳಿ ಸುಮ್ಮನಾದನು. ಅವನಿಗೆ ಬಡ್ತಿ ಬಂದದ್ದು ಕಸುಬಿನ ಜ್ಞಾನದಿಂದಲೇ.

ಇಲ್ಲಿ ನನ್ನದೇ ಒಂದು ತಪ್ಪನ್ನು ಅವನಿಗೆ ಹೇಳಬೇಕಾಯಿತು. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ನಮ್ಮ ಶಾಲೆಗೆ ಒಬ್ಬ ತರುಣ ಸಂಸ್ಕೃತೋಪಾಧ್ಯಾಯನು ಬಂದನು. ಒಂದು ದಿನ ಅವನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆನು. ವಿಸರ್ಗಸಂಧಿಯ ಒಂದು ಉದಾಹರಣೆಯಲ್ಲಿ ಅವನು ತಡವರಿಸಿದನು. ನಾನೆದ್ದು ಹೋಗಿ ಅವನ ಕೈಯಿಂದ ಸೀಮೆಸುಣ್ಣವನ್ನು ತೆಗೆದುಕೊಂಡು ಹಲಗೆಯ ಮೇಲೆ ಸರಿಯಾಗಿ ಬರೆದೆನು. ಹುಡುಗರು ನಕ್ಕರು. ಅಂದಿನಿಂದ, ನಾನು ಮೊಗಸಾಲೆಯಲ್ಲಿ ಸುಳಿದರೆ ಸಾಕು, ಅವನು ಪುಸ್ತಕದಲ್ಲಿದ್ದುದನ್ನು ಓದಿಸುವುದಲ್ಲದೆ ಬೇರೇನನ್ನೂ ಮಾಡುತ್ತಿರಲಿಲ್ಲ. ವರ್ಷ ತುಂಬುವುದರೊಳಗೆ ವರ್ಗ ಮಾಡಿಸಿಕೊಂಡು ಹೋದನು. ಸಂಧಿಯು ಸರಿಯಾಯಿತು, ಉಪಾಧ್ಯಾಯನು ಕೆಟ್ಟನು.

ಅಂದು ನಾನು ಮಾಡಬೇಕಾಗಿದ್ದುದೇನು? ೧೯೭೪ರಲ್ಲಿ ಟಿಮೊಥಿ ಗಾಲ್ವೆ ಎಂಬ ಅಮೆರಿಕೆಯ ಟೆನ್ನಿಸ್ ಶಿಕ್ಷಕರು ಒಂದು ಪುಸ್ತಕವನ್ನು ಪ್ರಕಟಿಸಿದರು. ಮೊಣಕೈ ಹೀಗಿಡು, ಕಾಲು ಹಾಗಿಡು ಎಂದು ಹೇಳಿದಷ್ಟೂ ಶಿಷ್ಯನ ಮೈ ಬಿಗಿಯುವುದನ್ನು ಕಂಡು, ಅವರು ಚೆಂಡು ಪುಟಿದಾಗ 'ಪುಟಿಯಿತು' ಎಂದೂ, ಹೊಡೆದಾಗ 'ಹೊಡೆದೆ' ಎಂದೂ ಬಾಯಿಬಿಟ್ಟು ಹೇಳಿಸಿದರು. ಗಮನವು ಚೆಂಡಿನ ಮೇಲೆ ನಿಂತಿತು, ಕೈ ತಾನಾಗಿ ತಿದ್ದಿಕೊಂಡಿತು. ಈ ಮಾರ್ಗವನ್ನು ಉದ್ಯೋಗದ ಕಚೇರಿಗಳಿಗೆ ತಂದವರಲ್ಲಿ ಜಾನ್ ವಿಟ್‌ಮೋರ್ ಎಂಬ ಆಂಗ್ಲರು ಪ್ರಮುಖರು; ಮೊದಲು ಮೋಟಾರು ಪಂದ್ಯಗಳ ಸಾರಥಿಯಾಗಿದ್ದವರು. ೧೯೯೨ರ ಅವರ ಗ್ರಂಥದಲ್ಲಿರುವ ಕ್ರಮವು ನಾಲ್ಕು ಪ್ರಶ್ನೆಗಳದು: ನಿನ್ನ ಗುರಿಯೇನು? ಈಗಿರುವ ಸ್ಥಿತಿಯೇನು? ಯಾವ ಯಾವ ಉಪಾಯಗಳುಂಟು? ಅವುಗಳಲ್ಲಿ ಯಾವುದನ್ನು ಮಾಡುವೆ, ಎಂದು ಮಾಡುವೆ?

"ಪ್ರಶ್ನೆಗಳನ್ನು ನಾನೂ ಕೇಳುತ್ತೇನಲ್ಲ, ಮಾವ!" ಎಂದನು ಹುಡುಗ. ನಾನೂ ಮೂವತ್ತು ವರ್ಷಕ್ಕೆ ಮಿಕ್ಕಿ ಕೇಳಿದವನೇ. ಆದರೆ ನನ್ನ ಪ್ರಶ್ನೆಗಳಿಗೆಲ್ಲ ಉತ್ತರವು ಮೊದಲೇ ನನ್ನ ಕಿಸೆಯಲ್ಲಿರುತ್ತಿತ್ತು. ಅದು ಪರೀಕ್ಷೆ. ಕೆಲಸಗಾರನು ತನ್ನ ತೊಡಕನ್ನು ತಾನೇ ಬಿಡಿಸುವಂತೆ ಕೇಳುವ ಪ್ರಶ್ನೆಯು ಬೇರೆ. ಅದರ ಉತ್ತರವು ಕೇಳುವವನಿಗೂ ತಿಳಿದಿರುವುದಿಲ್ಲ. ಸಂಬಳದ ಏರಿಕೆಯನ್ನು ಬರೆಯುವ ಕೈಯೇ ಈ ಪ್ರಶ್ನೆಯನ್ನೂ ಕೇಳುವುದಾದ್ದರಿಂದ, ಎದುರಿಗಿರುವವರು ಇದು ಯಾವ ಬಗೆಯ ಪ್ರಶ್ನೆಯೆಂದು ಕ್ಷಣಮಾತ್ರದಲ್ಲಿ ಅರಿಯುವರು.

ಹಾಗೆಂದು ಆಜ್ಞೆಯೇ ತಪ್ಪೆಂದಲ್ಲ. ಒಲೆಯ ಪಕ್ಕದ ಸೆರಗಿಗೆ ಕಿಡಿ ತಗುಲಿದಾಗ, "ಏನು ಮಾಡಬೇಕೆಂದು ತೋರುತ್ತದೆ?" ಎಂದು ಕೇಳುವ ಅತ್ತೆ ಉಂಟೆ? ಮೊದಲ ಸಲ ಹೋಳಿಗೆ ತಟ್ಟುವ ಸೊಸೆಗೆ ಹೂರಣದ ಹದವನ್ನು ತೋರಿಸಿಯೇ ಕೊಡಬೇಕು. ಪ್ರಶ್ನೆ ಕೇಳುವುದು ಹಿಂಸೆ. ಆದರೆ ಐದನೆಯ ಸಲವೂ ಲಟ್ಟಣಿಗೆಯನ್ನು ಅವಳ ಕೈಯಿಂದ ಕಿತ್ತುಕೊಂಡರೆ, ಹೋಳಿಗೆಯೇನೋ ದುಂಡಗಾದೀತು. ಆ ಮನೆಯಲ್ಲಿ ಹೋಳಿಗೆ ಬಲ್ಲವಳು ಒಬ್ಬಳೇ ಉಳಿಯುವಳು.

ಭಾರತಯುದ್ಧದಲ್ಲಿ ಇಬ್ಬರು ಸಾರಥಿಗಳುಂಟು. ಶಲ್ಯನು ಕುದುರೆ ನಡೆಸುವುದರಲ್ಲಿ ನಿಪುಣನು. ಆದರೆ ದಾರಿಯುದ್ದಕ್ಕೂ ಕರ್ಣನನ್ನು ಹಳಿದು ಅವನ ತೇಜಸ್ಸನ್ನು ಕುಂದಿಸಿದನು. ಕೃಷ್ಣನು ಸಮರ್ಥನಾಗಿದ್ದರೂ ಗಾಂಡೀವವನ್ನು ತಾನು ಎತ್ತಿಕೊಳ್ಳಲಿಲ್ಲ. ಹದಿನೆಂಟು ಅಧ್ಯಾಯಗಳಷ್ಟು ಹೇಳಿದ ಮೇಲೆಯೂ, ವಿಚಾರ ಮಾಡಿ ನಿಶ್ಚಯಿಸುವುದನ್ನು ಅರ್ಜುನನಿಗೇ ಬಿಟ್ಟನು.

ಮರುದಿನ ಬಸ್ಸಿಗೆ ಹೊರಡುವಾಗ ಹುಡುಗನು, "ಆ ಹುಡುಗಿಯ ನೋಟೀಸಿನ ಅವಧಿ ಇನ್ನೂ ಒಂದು ತಿಂಗಳಿದೆ. ನಾನು ಹೋಗಿ ಏನು ಹೇಳಲಿ?" ಎಂದನು. "ಏನೂ ಹೇಳಬೇಡ, ಕೇಳು" ಎಂದೆನು. ಪ್ರಶ್ನಿಸುವುದಕ್ಕೂ ಕಿವಿಗೊಡುವುದಕ್ಕೂ ನಮ್ಮ ಕನ್ನಡದಲ್ಲಿ ಒಂದೇ ಮಾತು. ಅವಳು ಉಳಿಯುವಳೋ ಇಲ್ಲವೋ, ಅದು ಅವಳ ಇಚ್ಛೆ. ಉಳಿದ ಹತ್ತು ಮಂದಿಯಾದರೂ ಅವನ ಕೈಯಲ್ಲಿ ಸೀಮೆಸುಣ್ಣವನ್ನು ಕಾಣದಿರಲಿ.