ಕಂಪ್ಯೂಟರ್ ದಾನ ಬಂತು, ಅದರ ಖರ್ಚಿಗೆ ಯಾರು?

ನಮ್ಮ ಮಠಗಳು ನಡೆಸುವ ಉಚಿತ ಪ್ರಸಾದ ನಿಲಯಗಳಿಗೆ, ಶಾಲೆಗಳಿಗೆ ದಾನಿಗಳು ಈಗ ಅಕ್ಕಿ-ಬೇಳೆಯ ಜೊತೆಗೆ ಕಂಪ್ಯೂಟರನ್ನೂ ಕೊಡುತ್ತಿದ್ದಾರೆ. ತಂದೆ-ತಾಯಿಯ ಸ್ಮರಣಾರ್ಥ ಹತ್ತು ಕಂಪ್ಯೂಟರ್, ಗೋಡೆಗೊಂದು ನಾಮಫಲಕ, ಪೂಜ್ಯರಿಂದ ಉದ್ಘಾಟನೆ. ಸಂತೋಷದ ಸಂಗತಿಯೇ. ಆದರೆ ಮೂರು ವರ್ಷ ಬಿಟ್ಟು ಅದೇ ಕೊಠಡಿಗೆ ಹೋದರೆ ಅನೇಕ ಕಡೆ ಕಾಣುವುದೇನು? ನಾಲ್ಕು ಯಂತ್ರ ನಡೆಯುತ್ತಿರುತ್ತವೆ, ಆರಕ್ಕೆ ಬಟ್ಟೆ ಹೊದಿಸಿರುತ್ತದೆ. ಯುಪಿಎಸ್ ಬ್ಯಾಟರಿ ಸತ್ತಿರುತ್ತದೆ, ಪ್ರಿಂಟರಿಗೆ ಟೋನರ್ ಇರುವುದಿಲ್ಲ. ನಾಮಫಲಕ ಮಾತ್ರ ಹೊಳೆಯುತ್ತಿರುತ್ತದೆ. ಇದು ದಾನದ ಕೊರತೆಯಲ್ಲ, ಲೆಕ್ಕದ ಕೊರತೆ.

ಕುಡಿಯುವ ನೀರಿನ ಯೋಜನೆಯ ಅಂದಾಜುಪಟ್ಟಿ ತಯಾರಿಸುವ ಯಾವ ಎಂಜಿನಿಯರನ್ನು ಕೇಳಿದರೂ ಒಂದು ಮಾತು ಹೇಳುತ್ತಾನೆ: ಟ್ಯಾಂಕ್ ಕಟ್ಟುವ ಖರ್ಚು ಒಂದು, ಪಂಪಿನ ಕರೆಂಟು, ವಾಲ್ವಿನ ರಿಪೇರಿ, ನೀರು ಬಿಡುವವನ ಸಂಬಳ ಇನ್ನೊಂದು. ಎರಡನೆಯದನ್ನು ಬರೆಯದ ಅಂದಾಜು ಅರ್ಧ ಅಂದಾಜು. ಕಂಪ್ಯೂಟರಿಗೂ ಇದೇ ನಿಯಮ. ಕಟ್ಟುವುದಕ್ಕೆ ದಾನಿಗಳು ಸಿಗುತ್ತಾರೆ. ನಡೆಸುವುದಕ್ಕೆ ಸಿಗುವುದು ಕಷ್ಟ.

ಲೆಕ್ಕ ಹಾಕೋಣ. ದರಗಳನ್ನು ಉದಾಹರಣೆಗೆಂದು ಹಾಕಿದ್ದೇನೆ. ನಿಮ್ಮ ಊರಿನ ದರ ಹಾಕಿಕೊಳ್ಳಿ. ಒಂದಕ್ಕೆ 40,000 ರೂಪಾಯಿಯಂತೆ 10 ಕಂಪ್ಯೂಟರ್, ದಾನಿಯ ಕೊಡುಗೆ 4 ಲಕ್ಷ. ಇನ್ನು ಐದು ವರ್ಷದ ನಿರ್ವಹಣೆ. ಒಂದು ಯಂತ್ರ 100 ವ್ಯಾಟ್ ಎಂದರೆ ಹತ್ತಕ್ಕೆ 1 ಕಿಲೋವ್ಯಾಟ್; ದಿನಕ್ಕೆ 6 ಗಂಟೆ, ವರ್ಷಕ್ಕೆ 250 ದಿನ ನಡೆದರೆ 1,500 ಯೂನಿಟ್. ಯೂನಿಟ್ಟಿಗೆ 8 ರೂಪಾಯಿಯಂತೆ ವರ್ಷಕ್ಕೆ 12,000, ಐದು ವರ್ಷಕ್ಕೆ 60,000. ಇಂಟರ್‌ನೆಟ್ ತಿಂಗಳಿಗೆ 1,000ದಂತೆ 60,000. ಮೊದಲ ವರ್ಷ ವಾರಂಟಿ ಬಿಟ್ಟು, ಯಂತ್ರವೊಂದಕ್ಕೆ ವರ್ಷಕ್ಕೆ 1,500ರಂತೆ ನಾಲ್ಕು ವರ್ಷದ ಎಎಂಸಿ 60,000. ಟೋನರ್, ಕಾಗದಕ್ಕೆ ತಿಂಗಳಿಗೆ 1,000ದಂತೆ 60,000. ಯುಪಿಎಸ್ ಬ್ಯಾಟರಿ ಒಂದು ಸಲ ಬದಲಿಸಲು 10,000. ಒಟ್ಟು ಎರಡೂವರೆ ಲಕ್ಷ. ಇದರ ಮೇಲೆ ಯಂತ್ರಕ್ಕೆ ವರ್ಷಕ್ಕೆ 5,000 ಕೊಡುವ ಬಾಡಿಗೆ ತಂತ್ರಾಂಶ ಹಾಕಿಸಿದಿರೋ, ಇನ್ನೆರಡೂವರೆ ಲಕ್ಷ. ಅಲ್ಲಿಗೆ ದಾನಿ ಕೊಟ್ಟದ್ದು 4 ಲಕ್ಷ, ಸಂಸ್ಥೆ ಹಾಕಬೇಕಾದದ್ದು 5 ಲಕ್ಷ! ವ್ಯಾಪಾರಿಯಾದವನು ತಾನು ಕೊಟ್ಟ ಶೇ. 18 ಜಿಎಸ್‌ಟಿಯನ್ನು ತನ್ನ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತಾನೆ. ಉಚಿತ ಸೇವೆ ನಡೆಸುವ ಸಂಸ್ಥೆಗೆ ಆ ಅನುಕೂಲವೂ ಇಲ್ಲ.

ಈ ಹಣ ಎಲ್ಲಿಂದ ಬರಬೇಕು? ಭಕ್ತರು ತಮ್ಮ ಕಾಯಕದ ಗಳಿಕೆಯಿಂದ ದಾಸೋಹಕ್ಕೆಂದು ಕೊಟ್ಟ ಹಣದಿಂದಲೇ. ಇಲ್ಲಿ ಹೆಚ್ಚಾದ ಪ್ರತಿ ರೂಪಾಯಿ ಮಕ್ಕಳ ತಟ್ಟೆಯಿಂದ ಕಡಿಮೆಯಾದ ರೂಪಾಯಿ. ಹಾಗೆಂದು ಕಂಪ್ಯೂಟರೇ ಬೇಡ ಎನ್ನುವಂತಿಲ್ಲ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷಾ ಫಲಿತಾಂಶ, 80-ಜಿ ದೇಣಿಗೆಯ ವಿವರ ಎಲ್ಲವೂ ಆನ್‌ಲೈನ್. ಹಳ್ಳಿಯಿಂದ ಬಂದ ಮಗು ಕೀಲಿಮಣೆ ಮುಟ್ಟದೆ ಕಾಲೇಜಿಗೆ ಹೋಗಬಾರದು. ಆದ್ದರಿಂದ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬುದೇ ಪ್ರಶ್ನೆ.

ಉಳಿಸಬೇಕಾದದ್ದು ಮೊದಲು ತಂತ್ರಾಂಶದಲ್ಲಿ. ಪತ್ರ, ಪಟ್ಟಿ, ಅಂಕಪಟ್ಟಿಗೆ ಲಿಬ್ರೆ ಆಫೀಸ್ ಸಾಕು. ಅದು ಉಚಿತ, ಯೂನಿಕೋಡ್ ಕನ್ನಡ ಅದರಲ್ಲಿ ಸರಾಗ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2017ಕ್ಕಿಂತ ಹಿಂದಿನ ಬಹುತೇಕ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಲ್ಲ. ಅವನ್ನು ಗುಜರಿಗೆ ಹಾಕುವ ಮುನ್ನ ಉಬುಂಟು ಹಾಕಿಸಿ ನೋಡಿ. ಅದರ ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಉಚಿತವಾಗಿ ಭದ್ರತಾ ಪರಿಷ್ಕರಣೆ ಬರುತ್ತದೆ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಇಂಥ ಮುಕ್ತ ತಂತ್ರಾಂಶದಲ್ಲಿಯೇ ಪಾಠ ಮಾಡುತ್ತಿವೆ. ನಮ್ಮ ಮಕ್ಕಳಿಗೇಕೆ ಆಗದು? ಕೆಲಸಕ್ಕೆ ಸೇರುವಾಗ ಎಂಎಸ್ ಆಫೀಸ್ ಗೊತ್ತಿರಬೇಕು ಎಂಬ ಮಾತೂ ನ್ಯಾಯವೇ. ಅದಕ್ಕೆ ಎರಡು ಯಂತ್ರದಲ್ಲಿ ಹಣ ಕೊಟ್ಟು ಹಾಕಿಸಿದರೆ ಸಾಕು, ಹತ್ತರಲ್ಲಿ ಬೇಕಿಲ್ಲ. ಲೆಕ್ಕಪರಿಶೋಧಕರು ಕೇಳುವ ಲೆಕ್ಕಪತ್ರದ ತಂತ್ರಾಂಶಕ್ಕೂ ಹಣ ಕೊಟ್ಟೇ ಬಳಸಿ. ಕಳ್ಳ ಪ್ರತಿ ಮಾತ್ರ ಬೇಡ. ಅದರೊಂದಿಗೆ ವೈರಸ್ ಬರುತ್ತದೆ ಎಂಬುದು ಒಂದು ಕಾರಣ. ಸತ್ಯಶುದ್ಧ ಕಾಯಕವನ್ನು ಬೋಧಿಸುವ ಸಂಸ್ಥೆಯ ಕಂಪ್ಯೂಟರಿನಲ್ಲಿ ಕದ್ದ ಮಾಲು ಇರಬಾರದು ಎಂಬುದು ಅದಕ್ಕಿಂತ ದೊಡ್ಡ ಕಾರಣ.

ನೋಂದಾಯಿತ ಸೇವಾ ಸಂಸ್ಥೆಗಳಿಗೆ ಗೂಗಲ್ ತನ್ನ ಇಮೇಲ್ ಮತ್ತು ಕಡತ ಸಂಗ್ರಹವನ್ನು ಉಚಿತವಾಗಿ ಕೊಡುತ್ತದೆ. ಶಾಲೆಗಳಿಗೆ ಬೇರೆಯೇ ಉಚಿತ ಯೋಜನೆಯಿದೆ. ಪಡೆಯೋಣ, ಆದರೆ ಅದನ್ನೇ ನಂಬಿ ಕೂರುವುದು ಬೇಡ. ಮೈಕ್ರೋಸಾಫ್ಟ್ ಸೇವಾ ಸಂಸ್ಥೆಗಳಲ್ಲಿ ಹತ್ತು ಮಂದಿಗೆ ಪುಕ್ಕಟೆ ಕೊಡುತ್ತಿದ್ದ ಬಿಸಿನೆಸ್ ಪ್ರೀಮಿಯಂ ಸೌಲಭ್ಯವನ್ನು 2025ರ ಜುಲೈಯಿಂದ ಹಿಂತೆಗೆದುಕೊಳ್ಳತೊಡಗಿತು. ಕಂಪನಿಯ ಔದಾರ್ಯಕ್ಕೆ ಕಂಪನಿಯೇ ಯಜಮಾನ. ದೇಣಿಗೆ ಕೌಂಟರಿನಲ್ಲಿಯೂ ಗಮನವಿರಲಿ: ಭಕ್ತರ ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ಯುಪಿಐ ಹಣಕ್ಕೆ 2020ರಿಂದ ವ್ಯವಹಾರ ಶುಲ್ಕವಿಲ್ಲ. ಆದರೆ 'ಹಣ ಬಂತು' ಎಂದು ಕೂಗುವ ಪೆಟ್ಟಿಗೆಗೆ ತಿಂಗಳ ಬಾಡಿಗೆ ಇರಬಹುದು. ಮಠದಲ್ಲಿ ಹಣ ಬಂದದ್ದನ್ನು ಕೂಗಿ ಹೇಳಬೇಕೇ? ಮೊಬೈಲಿಗೆ ಬರುವ ಸಂದೇಶ ಸಾಲದೇ?

ಉಳಿಸಬಾರದ ಕಡೆ ಮೂರು. ಮೊದಲನೆಯದು ಬ್ಯಾಕಪ್. ದಾಖಲಾತಿ, ಲೆಕ್ಕಪತ್ರ ಎಲ್ಲವನ್ನೂ ಎರಡು ಬಾಹ್ಯ ಡಿಸ್ಕಿನಲ್ಲಿ ವಾರ ಬಿಟ್ಟು ವಾರ ನಕಲು ಮಾಡಿ, ಒಂದನ್ನು ಬೇರೆ ಕಟ್ಟಡದಲ್ಲಿ ಬೀಗದಲ್ಲಿಡಿ. ಮೂರು ತಿಂಗಳಿಗೊಮ್ಮೆ ಅದರಿಂದ ಕಡತ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪು ಬ್ಯಾಕಪ್ಪಲ್ಲ. ಎರಡನೆಯದು ವಿದ್ಯುತ್. ಸರಿಯಾದ ಅರ್ಥಿಂಗ್ ಇಲ್ಲದ ಕೊಠಡಿಯಲ್ಲಿ ಯಂತ್ರಕ್ಕೂ ಮಕ್ಕಳಿಗೂ ಅಪಾಯ. ಮೂರನೆಯದು ಒಡೆತನ. ವೆಬ್‌ಸೈಟಿನ ಹೆಸರು, ಇಮೇಲ್, ಪಾಸ್‌ವರ್ಡ್ ಎಲ್ಲವೂ ಸಂಸ್ಥೆಯ ಹೆಸರಿನಲ್ಲಿರಬೇಕು. ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ಅಲ್ಲ. ಅವನು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ಸಂಸ್ಥೆಯ ಕೀಲಿಕೈಯೂ ಅವನ ಜೊತೆ ಬಸ್ಸು ಹತ್ತುತ್ತದೆ. ಪಾಸ್‌ವರ್ಡುಗಳನ್ನು ಒಂದು ವಹಿಯಲ್ಲಿ ಬರೆದು ಕಾರ್ಯದರ್ಶಿಗಳ ತಿಜೋರಿಯಲ್ಲಿಡಿ. ಮಕ್ಕಳ ಆಧಾರ್, ಬ್ಯಾಂಕ್ ವಿವರ ನಮ್ಮಲ್ಲಿರುತ್ತದೆ. ಅದನ್ನು ಕಾಯುವ ಹೊಣೆಯನ್ನು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ.

ಇನ್ನು ದಾನಿಗಳೊಡನೆ ಆಡಬೇಕಾದ ಮಾತು. ಸಂಕೋಚ ಬೇಡ. 4 ಲಕ್ಷ ಕೊಡಲು ಬಂದವರಿಗೆ ಹೀಗೆ ವಿನಂತಿಸೋಣ: "ಅಣ್ಣಾವ್ರೇ, ಹತ್ತು ಬೇಡ, ಐದು ಕೊಡಿಸಿ." ಐದಕ್ಕೆ 2 ಲಕ್ಷ. ಮೇಲಿನ ದರದಲ್ಲಿಯೇ ಐದು ಯಂತ್ರದ ಐದು ವರ್ಷದ ಖರ್ಚು: ಕರೆಂಟು 30,000, ಎಎಂಸಿ 30,000, ಬ್ಯಾಟರಿ 5,000, ಇಂಟರ್‌ನೆಟ್ 60,000, ಟೋನರ್-ಕಾಗದ 60,000, ಒಟ್ಟು 1,85,000. ಅದನ್ನು ಅದೇ ದಾನಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿ ಪ್ರತ್ಯೇಕವಾಗಿಟ್ಟರೆ ಇನ್ನೂ 15,000 ಉಳಿಯುತ್ತದೆ. ಬ್ಯಾಕಪ್ ಡಿಸ್ಕ್ ಎರಡು ಬರುತ್ತವೆ. ಮಕ್ಕಳನ್ನು ಎರಡು ತಂಡ ಮಾಡಿ ಕೂರಿಸಿದರೆ ಐದೇ ಯಂತ್ರ ಹತ್ತರ ಕೆಲಸ ಮಾಡುತ್ತವೆ. ಮೂರನೇ ವರ್ಷ ನಿಂತುಹೋಗುವ ಹತ್ತಕ್ಕಿಂತ ಐದೂ ವರ್ಷ ನಡೆಯುವ ಐದು ಮೇಲು. ನಾಮಫಲಕಕ್ಕೂ ಅದರಿಂದಲೇ ಗೌರವ.

ಆಡಳಿತ ಮಂಡಳಿಯ ಬಂಧುಗಳಲ್ಲಿ ಒಂದು ಕೋರಿಕೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವಿರಲಿ: ನಮ್ಮಲ್ಲಿ ಎಷ್ಟು ಯಂತ್ರಗಳಿವೆ, ಎಷ್ಟು ನಡೆಯುತ್ತಿವೆ, ಯಾವುದಕ್ಕೆ ಪ್ರತಿ ತಿಂಗಳು ಎಷ್ಟು ಕೊಡುತ್ತಿದ್ದೇವೆ, ಕೀಲಿಕೈ ಯಾರ ಬಳಿ ಇದೆ. ಒಂದು ಹಾಳೆಯಲ್ಲಿ ಬರೆದು ಎಲ್ಲರ ಮುಂದೆ ಓದಿಸಿ. ಬರೆಯಲು ಕಂಪ್ಯೂಟರ್ ಬೇಕಿಲ್ಲ, ಪೆನ್ನು ಸಾಕು.